ಪಟ್ಟಣದ ಪುಸ್ತಕಗಳು, ಕನ್ನಂಬಾಡಿಯ ಕಲ್ಲು

ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಪಾರಸಿ ಅಕ್ಷರ. ಟಿಪ್ಪು ಸುಲ್ತಾನನ ಕಾಲದ ಈ ತಾಮ್ರದ ನಾಣ್ಯವನ್ನು ಹಳೇ ಮೈಸೂರಿನವರು ಆನೆಕಾಸು ಎಂದು ಕರೆದರು. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದದ್ದಾದರೆ ಅದರ ಮೇಲೆ ಊರಿನ ಹೆಸರು ‘ಪಟನ್’ ಎಂದಷ್ಟೇ ಇರುತ್ತದೆ. ಸುತ್ತಲಿನ ಹಳ್ಳಿಗಳವರ ಬಾಯಲ್ಲಿ ಆ ಊರು ಇಂದಿಗೂ ಬರೀ ‘ಪಟ್ಟಣ’ವೇ. ಒಂದೊಂದು ನಾಣ್ಯಕ್ಕೂ ಅದರದೇ ಒಂದು ಹೆಸರೂ ಇತ್ತು. ಇಪ್ಪತ್ತು ಕಾಸಿನ ಪೈಸೆ ಜೊಹ್ರಾ, ಅಂದರೆ ಶುಕ್ರ. ಅದರ ಅರ್ಧ ಬಹ್ರಾಮ್, ಅಂದರೆ ಮಂಗಳ. ಅದರರ್ಧ ಅಖ್ತರ್, ನಕ್ಷತ್ರ. ಎಲ್ಲಕ್ಕಿಂತ ಚಿಕ್ಕದು ಕುತ್ಬ್, ಧ್ರುವ. ನಲವತ್ತು ಕಾಸಿನ ದೊಡ್ಡ ನಾಣ್ಯ ಮೊದಲು ಮೂರನೆಯ ಖಲೀಫ ಉಸ್ಮಾನರ ಹೆಸರಿನಲ್ಲಿತ್ತು, ಆಮೇಲೆ ಮುಷ್ತರಿಯಾಯಿತು, ಅಂದರೆ ಗುರು. ಉಪ್ಪು, ಮೆಣಸು, ಸೊಪ್ಪು ಕೊಳ್ಳಲು ಸಂತೆಗೆ ಹೋದವರು ಸೊಂಟದ ಚೀಲದಲ್ಲಿ ಗ್ರಹಮಂಡಲವನ್ನೇ ಕಟ್ಟಿಕೊಂಡು ಹೋಗುತ್ತಿದ್ದರು.

ಬೆಳ್ಳಿ, ಚಿನ್ನದ ನಾಣ್ಯಗಳಲ್ಲಿ ಬೇರೊಂದು ಕ್ರಮವಿತ್ತು. ಚಿನ್ನದ ವರಹಕ್ಕೆ ಫಾರೂಖಿ ಎಂಬ ಹೆಸರು ಎರಡನೆಯ ಖಲೀಫ ಉಮರರಿಂದ ಬಂತು. ಅದಕ್ಕಿಂತ ದೊಡ್ಡ ಸಿದ್ದೀಖಿಗೆ ಮೊದಲ ಖಲೀಫ ಅಬೂಬಕರರ ಹೆಸರು. ಬೆಳ್ಳಿಯ ರೂಪಾಯಿ ಇಮಾಮಿ. ಅದರ ಅರ್ಧ, ಕಾಲು, ಅರೆಕಾಲು, ವೀಸಗಳಿಗೆ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ ಎಂಬ ಹೆಸರುಗಳು ಷಿಯಾ ಪರಂಪರೆಯ ಇಮಾಮರಿಂದ ಬಂದವು. ಸುನ್ನಿ ದೊರೆಯೊಬ್ಬನ ಟಂಕಸಾಲೆಯಲ್ಲಿ ಖಲೀಫರೂ ಇಮಾಮರೂ ಒಂದೇ ಲೆಕ್ಕದಲ್ಲಿ ಕೂಡಿ ಬಂದದ್ದು ಗಮನಿಸಬೇಕಾದ ಸಂಗತಿ. ಇಸ್ಲಾಮಿ ನಾಗರಿಕತೆ ಸಾವಿರ ವರ್ಷ ಕೂಡಿಟ್ಟ ಧರ್ಮಚರಿತ್ರೆ, ಖಗೋಳ, ಅಂಕಗಣಿತಗಳೆಲ್ಲ 1780ರ ದಶಕದಲ್ಲಿ ಕಾವೇರಿಯ ನಡುಗಡ್ಡೆಯೊಂದರಲ್ಲಿ ಬಳಕೆಯ ವಸ್ತುಗಳಾಗಿದ್ದವು. ಟಿಪ್ಪುವಿನ ಯುದ್ಧಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದದ್ದಾಗಿದೆ, ಜಗಳವೂ ಆಗಿದೆ. ಆ ಗದ್ದಲದಲ್ಲಿ ಪಟ್ಟಣದ ವಿದ್ಯೆಯ ಕಥೆ ಮೂಲೆಗೆ ಸೇರಿದೆ.

ನಾಣ್ಯದ ಮೇಲಿನ ವರ್ಷವನ್ನೇ ತೆಗೆದುಕೊಳ್ಳಿ. ಅಂಕಿಗಳು ಅರಬ್ಬೀ-ಪಾರಸಿ ಬರಹದವು. ಆದರೆ ಅವುಗಳ ತವರು ಭಾರತ. ಎಂಟನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಬಗ್ದಾದಿನ ಖಲೀಫ ಅಲ್-ಮನ್ಸೂರನ ಆಸ್ಥಾನಕ್ಕೆ ಭಾರತದ ಸಿದ್ಧಾಂತ ಜ್ಯೋತಿಷ ತಲುಪಿತು. ಅದನ್ನು ಅರಬ್ಬಿಗೆ ತಂದರು. ಮುಂದಿನ ಶತಮಾನದಲ್ಲಿ ಅಲ್-ಖ್ವಾರಿಜ್ಮಿ ಹಿಂದೂ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಬಗ್ಗೆ ಪುಸ್ತಕ ಬರೆದ. ಅದರ ಲ್ಯಾಟಿನ್ ಅನುವಾದದಿಂದ ಯುರೋಪು ಆ ಅಂಕಿಗಳನ್ನು ಕಲಿಯಿತು. ಅದೇ ಕಾಲಕ್ಕೆ ಕನ್ನಡನಾಡಿನಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ರಚಿಸಿದ. ಆ ದೊರೆಮನೆತನವನ್ನು ಅರಬ್ಬಿ ವರ್ತಕರು ‘ಬಲ್ಹರಾ’ ಎಂದು ಕರೆದರು. ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದಿರುವ 851ರ ವರದಿ ಜಗತ್ತಿನ ನಾಲ್ಕು ದೊಡ್ಡ ರಾಜರ ಸಾಲಿನಲ್ಲಿ ಬಲ್ಹರಾನನ್ನು ಸೇರಿಸಿದೆ. ಹೀಗೆ ಹೊರಟು ಹೋದ ಅಂಕಿ ಸಾವಿರ ವರ್ಷದ ಮೇಲೆ ಪಾರಸಿ ವೇಷದಲ್ಲಿ ಪಟ್ಟಣಕ್ಕೆ ಮರಳಿತು. ಟಿಪ್ಪು ಅದಕ್ಕೊಂದು ತನ್ನದೇ ತಿದ್ದುಪಡಿ ಮಾಡಿದ. ಅರಬ್ಬೀ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುವುದು ವಾಡಿಕೆ. ಅವನು ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಎಂಬ ವರ್ಷ ಆ ಕಾಲದ ನಾಣ್ಯಗಳಲ್ಲಿ ತಿರುಗುಮುರುಗಾಗಿ ಕಾಣುತ್ತದೆ.

ಈ 1215 ಹಿಜರಿ ಶಕೆಯಲ್ಲ. 1787ರ ಸುಮಾರಿಗೆ ಟಿಪ್ಪು ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆಯನ್ನು ತಂದ. ಪ್ರವಾದಿಗಳು ಮಕ್ಕಾದಿಂದ ಮದೀನಾಕ್ಕೆ ಹೋದ ವರ್ಷದ ಬದಲು ಅವರ ಜನನದ ವರ್ಷದಿಂದ ಎಣಿಕೆ ಶುರುವಾಯಿತು. ಹಿಜರಿ ವರ್ಷ ಪೂರ್ತಿ ಚಂದ್ರನದು. ಋತುಗಳ ಜೊತೆ ಅದು ನಿಲ್ಲುವುದಿಲ್ಲ. ಕಂದಾಯ ಎತ್ತುವ ಸರ್ಕಾರಕ್ಕೆ ಬೆಳೆ ಯಾವ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ ಎಂಬುದು ಮುಖ್ಯ. ಅಕ್ಬರನ ಕಾಲಕ್ಕೂ ಹಿಂದಿನಿಂದ ಇದು ಮುಸ್ಲಿಂ ಅರಸರಿಗೆ ತೊಡಕಾಗಿದ್ದ ವಿಷಯ. ಬೇರೆ ಬೇರೆ ಕಡೆ ಬೇರೆ ಬೇರೆ ಪರಿಹಾರ ಹುಡುಕಿದರು. ಪಟ್ಟಣದಲ್ಲಿ ಕಂಡ ಪರಿಹಾರ ಅಪ್ಪಟ ಇಲ್ಲಿಯದು. ಹೊಸ ವರ್ಷ ನಮ್ಮ ಯುಗಾದಿಗೆ ಶುರು. ಹನ್ನೆರಡು ತಿಂಗಳು ಚೈತ್ರಾದಿ ಮಾಸಗಳ ಜೊತೆಜೊತೆಗೆ ನಡೆಯುತ್ತವೆ, ಅಧಿಕ ಮಾಸವೂ ಅಲ್ಲಿದೆ. ಅರುವತ್ತು ಸಂವತ್ಸರಗಳ ಚಕ್ರವೂ ಹಾಗೆಯೇ ಉಳಿದಿದೆ. ಪ್ರಭವ, ವಿಭವಗಳಿಗೆ ಬದಲಾಗಿ ಪಾರಸಿ, ಅರಬ್ಬಿ ಹೆಸರುಗಳು ಬಂದವು, ಅಷ್ಟೆ.

ಆ ಹೆಸರುಗಳನ್ನು ಆರಿಸಿದ ಬಗೆಯಲ್ಲಿ ದೊಡ್ಡ ಜಾಣ್ಮೆ ಇದೆ. ಅರಬ್ಬಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ನಮ್ಮ ಕಟಪಯಾದಿ ಸಂಖ್ಯೆ ಗೊತ್ತಿದ್ದವರಿಗೆ, ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದ ಅದರ ಕ್ರಮಸಂಖ್ಯೆ ತೆಗೆಯುವ ಸಂಗೀತಗಾರರಿಗೆ ಇದು ಅಪರಿಚಿತವಲ್ಲ. ಹಳೆಯ ಕ್ರಮಕ್ಕೆ ಅಬ್ಜದ್ ಎಂದು ಹೆಸರು. ಟಿಪ್ಪು ಮೊದಲು ಅದನ್ನೇ ಅನುಸರಿಸಿ, ಆಮೇಲೆ ಲಿಪಿಯ ಈಗಿನ ಅಕ್ಷರಮಾಲೆಯ ಕ್ರಮಕ್ಕೆ ಬದಲಾಯಿಸಿದ. ಹೊಸ ಕ್ರಮದಲ್ಲಿ ಅಲಿಫ್ ಒಂದು, ಬೇ ಎರಡು, ತೇ ಮೂರು. ಆದ್ದರಿಂದ ಮೊದಲ ತಿಂಗಳು ಅಹ್ಮದಿ, ಎರಡನೆಯದು ಬಹಾರಿ, ಮೂರನೆಯದು ತಕಿ. ತಕಿ ಎಂದರೆ ಜ್ಯೇಷ್ಠ ಮಾಸ. ಗುಮಾಸ್ತನಿಗೆ ಹೆಸರಿನ ಮೊದಲ ಒಂದೆರಡು ಅಕ್ಷರ ಕಂಡರೆ ಸಾಕು, ಎಷ್ಟನೆಯ ತಿಂಗಳು ಎಂಬುದು ಗೊತ್ತಾಗುತ್ತಿತ್ತು. ಸಂವತ್ಸರದ ಹೆಸರಿನಲ್ಲಿ ಎಲ್ಲ ಅಕ್ಷರಗಳನ್ನೂ ಕೂಡಬೇಕು. 1787ರ ವರ್ಷದ ಹೆಸರು ‘ಷಾ’: ಶೀನ್ ನಲವತ್ತು, ಅಲಿಫ್ ಒಂದು, ಒಟ್ಟು ನಲವತ್ತೊಂದು. ನಮ್ಮ ಪಂಚಾಂಗದಲ್ಲಿ ನಲವತ್ತೊಂದನೆಯದು ಪ್ಲವಂಗ, 1787ರದು ಅದೇ ಸಂವತ್ಸರ. ಟಿಪ್ಪು ಮಡಿದ 1799ರ ವರ್ಷದ ಹೆಸರು ಬಾರಿಶ್. ಎರಡು, ಒಂದು, ಹತ್ತು, ನಲವತ್ತು ಕೂಡಿದರೆ ಐವತ್ತಮೂರು. ಅದು ಸಿದ್ಧಾರ್ಥಿ. ಮೌಲ್ವಿಯ ಅಕ್ಷರಗಣಿತವೂ ಜೋಯಿಸರ ಪಂಚಾಂಗವೂ ಒಂದೇ ಮೇಜಿನ ಮೇಲೆ ಇಲ್ಲದೆ ಇಂಥದೊಂದು ಕ್ಯಾಲೆಂಡರ್ ಹುಟ್ಟುವುದು ಅಸಾಧ್ಯ.

ಇಷ್ಟೆಲ್ಲ ಲೆಕ್ಕ ಹಾಕುತ್ತಿದ್ದ ಆಸ್ಥಾನಕ್ಕೆ ಪುಸ್ತಕಗಳು ಬೇಕಲ್ಲ. ಅವು ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹತ್ತಿರದಲ್ಲಿದ್ದ ಅರಮನೆ ಲಾಲ್ ಮಹಲ್‌ನಲ್ಲಿದ್ದವು. ಕಪಾಟುಗಳಲ್ಲಿ ಜೋಡಿಸಿಟ್ಟಿರಲಿಲ್ಲ, ಪೆಟ್ಟಿಗೆಗಳಲ್ಲಿ, ಒಂದೊಂದಕ್ಕೂ ಬೇರೆ ಹೊದಿಕೆ ಹಾಕಿ ಇಟ್ಟಿದ್ದರು. ಸುಮಾರು ಎರಡು ಸಾವಿರ ಸಂಪುಟ. ಅರಬ್ಬಿ, ಪಾರಸಿ, ದಖನಿ, ಸ್ವಲ್ಪ ತುರ್ಕಿ. ಅವುಗಳ ಪಟ್ಟಿ ಮಾಡಿದ ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ಅಚ್ಚು ಹಾಕಿಸಿದ. ಮತಾಂಧ ದೊರೆಯ ಮನೆಯಲ್ಲಿ ಬರೀ ಧರ್ಮಗ್ರಂಥಗಳೇ ಇರಬಹುದೆಂದು ಎಣಿಸಿ ಆ ಪಟ್ಟಿ ತೆರೆದವರಿಗೆ ಅಚ್ಚರಿ ಕಾದಿದೆ. ಕುರ್‌ಆನ್‌ನ ಪ್ರತಿಗಳು 44. ಕಾವ್ಯದ ಸಂಪುಟಗಳು 190. ಇತಿಹಾಸ 118, ಸೂಫಿ ದರ್ಶನ 115, ನ್ಯಾಯಶಾಸ್ತ್ರ 95, ವೈದ್ಯ 62. ಖಗೋಳ, ಗಣಿತ, ತರ್ಕ, ನಿಘಂಟು, ಪತ್ರಲೇಖನ, ನೀತಿಕಥೆಗಳಿಗೆ ಬೇರೆ ಬೇರೆ ವಿಭಾಗಗಳಿವೆ.

ನೀತಿಕಥೆಗಳ ಜಾಡೂ ಅಂಕಿಯ ಜಾಡಿನ ಹಾಗೆಯೇ ಸುತ್ತು ಬಳಸಿ ಬಂದದ್ದು. ಪಂಚತಂತ್ರ ಆರನೆಯ ಶತಮಾನದಲ್ಲಿ ಇರಾನಿಗೆ ಹೋಯಿತು, ಎಂಟನೆಯದರಲ್ಲಿ ಇಬ್ನ್ ಅಲ್-ಮುಕಫ್ಫಾ ಅದನ್ನು ಅರಬ್ಬಿಗೆ ತಂದ, ಮುಂದೆ ಅದು ಪಾರಸಿಯಲ್ಲಿ ಮತ್ತೆ ಮತ್ತೆ ಹುಟ್ಟಿತು. ಕಾಶಿಫಿಯ ‘ಅನ್ವಾರೆ ಸುಹೈಲಿ’ ಆ ಸಾಲಿನ ಜನಪ್ರಿಯ ಪುಸ್ತಕ. ಪಾರಸಿ ಕಲಿಯುವ ಹುಡುಗರಿಗೆಲ್ಲ ಅದು ಪಾಠ. ಕನ್ನಡದಲ್ಲಿ ದುರ್ಗಸಿಂಹ ಇದೇ ಕಥೆಗಳನ್ನು ಹನ್ನೊಂದನೆಯ ಶತಮಾನದಲ್ಲೇ ಬರೆದಿದ್ದ. ಕರಟಕ, ದಮನಕರು ಕನ್ನಡದ ದಾರಿಯಲ್ಲೂ ಬಗ್ದಾದಿನ ದಾರಿಯಲ್ಲೂ ನಡೆದು ಒಂದೇ ನಾಡಿಗೆ ಬಂದರು.

ಎಷ್ಟೋ ಪುಸ್ತಕಗಳ ರಟ್ಟು ಪಟ್ಟಣದಲ್ಲೇ ಆದದ್ದು. ಅವು ಇಂದು ಎಲ್ಲೇ ಇದ್ದರೂ ಗುರುತು ಸಿಗುವುದು ಆ ರಟ್ಟಿನಿಂದ. ತೊಗಲಿನ ಹೊದಿಕೆ, ಮೇಲೆ ಹೂಬಳ್ಳಿಯ ಚಿನ್ನದ ಅಚ್ಚು. ನಡುವಿನ ಪದಕದಲ್ಲಿ ಅಲ್ಲಾಹನ ಹೆಸರು, ಜೊತೆಗೆ ಪ್ರವಾದಿ ಮುಹಮ್ಮದ್, ಅವರ ಮಗಳು ಫಾತಿಮಾ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನರ ಹೆಸರು. ನಾಲ್ಕು ಮೂಲೆಗೆ ನಾಲ್ವರು ಖಲೀಫರು. ಮೇಲೆ ಸರ್ಕಾರೆ ಖುದಾದಾದ್, ದೇವರು ಕೊಟ್ಟ ಸರ್ಕಾರ ಎಂದು ಟಿಪ್ಪು ತನ್ನ ರಾಜ್ಯಕ್ಕೆ ಇಟ್ಟಿದ್ದ ಹೆಸರು. ಕೆಳಗೆ, ದೇವರೊಬ್ಬ ಇದ್ದರೆ ಸಾಕು ಎಂಬರ್ಥದ ಅಲ್ಲಾಹ್ ಕಾಫಿ. ನಾಣ್ಯದಲ್ಲಿ ಕಂಡ ಖಲೀಫ, ಇಮಾಮರ ಜೋಡಣೆ ತೊಗಲಿನ ಮೇಲೂ ಇದೆ.

ರಟ್ಟು ಬಿಡಿಸಿ ಒಳಪುಟ ನೋಡಿದರೆ ಹಳೆಯ ಒಡೆಯರ ಮೊಹರುಗಳು ಒಂದರ ಮೇಲೊಂದು. ಕೆಲವು ಬಿಜಾಪುರದ ಆದಿಲ್‌ಶಾಹಿಗಳವು, ಕೆಲವು ಗೋಲ್ಕೊಂಡದವು. ಬಹಳಷ್ಟು ಬಂದದ್ದು ಕಡಪ, ಸವಣೂರು, ಕರ್ನಾಟಿಕ್ ಪ್ರಾಂತಗಳನ್ನು ಗೆದ್ದಾಗ. ಟಿಪ್ಪುವಿನ ತಂದೆ ಹೈದರ್ 1779ರಲ್ಲಿ ಕಡಪ ಹಿಡಿದ. ಟಿಪ್ಪು 1786ರಲ್ಲಿ ಸವಣೂರು ಹಿಡಿದ. ನವಾಬರ ಪುಸ್ತಕಗಳು ಗಾಡಿಯಲ್ಲಿ ಪಟ್ಟಣಕ್ಕೆ ಬಂದವು. ಇದನ್ನು ಮುಚ್ಚಿಟ್ಟು ಈ ಗ್ರಂಥಾಲಯವನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಲೂಟಿಯಿಂದ ಕೂಡಿದ್ದು ಲೂಟಿಯಿಂದಲೇ ಚದುರಿತು. ಆದರೆ ಕೂಡಿದ್ದ ಕಾಲದಲ್ಲಿ ಅದು ಸುಮ್ಮನೆ ಕೂತಿರಲಿಲ್ಲ.

ಟಿಪ್ಪು ಬರೆಸಿದ ಪುಸ್ತಕಗಳೇ ಒಂದು ಸಾಲು ಇವೆ. ಎಲ್ಲಕ್ಕಿಂತ ಹೆಸರಾದದ್ದು ‘ಫತ್ಹುಲ್ ಮುಜಾಹಿದೀನ್’, ಸೈನ್ಯದ ಕೈಪಿಡಿ. ಕವಾಯತು, ಬಂದೂಕು, ಅಗ್ನಿಬಾಣ, ಶಿಸ್ತು ಎಲ್ಲ ಅದರಲ್ಲಿದೆ. ಅಧಿಕಾರಿಗಳಿಗೆ ಹಂಚಲು ಮಾಡಿದ ಅದರ ಎಷ್ಟೋ ಪ್ರತಿಗಳು ಉಳಿದಿವೆ. ಬರೆದವನು ಜೈನುಲ್ ಆಬಿದೀನ್ ಶುಸ್ತರಿ. ಇರಾನಿನ ಶುಸ್ತರ್ ಪಟ್ಟಣದಿಂದ ಬಂದ ವಿದ್ವಾಂಸರ ಮನೆತನ; ಆ ಊರು ಹಳೆಯ ಕಾಲದ ಅಣೆ, ಕಾಲುವೆ, ನೀರಿನ ಗಿರಣಿಗಳಿಗೆ ಜಗತ್ಪ್ರಸಿದ್ಧ. ಇವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮೀರ್ ಆಲಮ್ ಹೈದರಾಬಾದಿನ ನಿಜಾಮನ ಕಡೆ ದೊಡ್ಡ ಹುದ್ದೆಯಲ್ಲಿದ್ದ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸೇರಿ ಪಟ್ಟಣವನ್ನು ಮುತ್ತಲು ಬಂದ ನಿಜಾಮನ ದಂಡಿಗೆ ಅವನೇ ಮುಖ್ಯಸ್ಥ. ದಖ್ಖನಿನ ಪಾರಸಿ ವಿದ್ವತ್ ಲೋಕ ಅಷ್ಟು ಚಿಕ್ಕದು, ಅಷ್ಟು ಹೆಣೆದುಕೊಂಡದ್ದು. ಒಂದೇ ಮನೆಯ ವಿದ್ಯೆ ಕೋಟೆಯ ಒಳಗೂ ಹೊರಗೂ ನಿಂತಿತ್ತು.

ಅನುವಾದಗಳು ಇನ್ನೂ ಸ್ವಾರಸ್ಯದವು. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಗ್ರೀಕ್ ಪುಸ್ತಕಗಳು ಅರಬ್ಬಿಯಾದವು. ಅದು ಇಸ್ಲಾಮಿ ನಾಗರಿಕತೆಯ ಬುದ್ಧಿಜೀವನದ ಬುನಾದಿ. ಪಟ್ಟಣದಲ್ಲಿ ಅದೇ ಕೆಲಸ ಇಂಗ್ಲಿಷ್, ಫ್ರೆಂಚ್ ಪುಸ್ತಕಗಳ ಮೇಲೆ ನಡೆಯಿತು. ಸ್ಟೀವರ್ಟ್‌ನ ಪಟ್ಟಿಯಲ್ಲಿ ಸುಲ್ತಾನನ ಅಪ್ಪಣೆಯಂತೆ ಪಾರಸಿಗೆ ತಿರುಗಿಸಿದ ಇಂಗ್ಲಿಷ್ ವೈದ್ಯಗ್ರಂಥಗಳಿವೆ, ವಿದ್ಯುತ್ತಿನ ಮತ್ತು ವೈದ್ಯದ ಪ್ರಯೋಗಗಳ ಬಗ್ಗೆ ಒಂದು ಪುಸ್ತಕವಿದೆ, ಗಿಡಮೂಲಿಕೆಗಳ ವಿವರಣೆಯಿದೆ. ಪುದುಚೇರಿಯ ಫ್ರೆಂಚ್ ಗವರ್ನರ್ ಕೊಸಿನ್ಯಿಗೆ ಟಿಪ್ಪು ಬರೆದ ಪತ್ರದಲ್ಲಿ ವಾಯುಭಾರಮಾಪಕದ ಮಾತು ಬರುತ್ತದೆ. ಕಳಿಸಿದ ಉಪಕರಣ ಹಳೆಯದು, ಪಾದರಸ ಏರಿಳಿಯುತ್ತಿಲ್ಲ, ಒಳ್ಳೆಯದೊಂದನ್ನು ಕಳಿಸಿ ಎಂಬ ತಕರಾರು ಅದು. ಪಾದರಸ ಅಲುಗುತ್ತಿದೆಯೋ ಇಲ್ಲವೋ ಎಂದು ಗಾಜಿನ ಕೊಳವೆಯನ್ನೇ ನೋಡುತ್ತ ಕೂತವನು ಮಾತ್ರ ಹಾಗೆ ಬರೆಯಬಲ್ಲ.

ಹೀಗೆಲ್ಲ ಇದ್ದರೂ ಇದೇ ಪಟ್ಟಣದ ಇನ್ನೊಂದು ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಅದನ್ನು ದಾಖಲಿಸಿದ್ದಾನೆ. 1796ರಲ್ಲಿ ಮೈಸೂರು ಒಡೆಯರ ಅರಮನೆಯ ಕೊಠಡಿಯೊಂದು ಉಗ್ರಾಣಕ್ಕೆ ಬೇಕಾಯಿತು. ಅದರ ತುಂಬ ಹಿಂದಿನ ದೊರೆ ಚಿಕ್ಕದೇವರಾಜರ ಕಾಲದಿಂದ ಬಂದ ಓಲೆಗರಿ, ಕಡತಗಳಿದ್ದವು. ಏನು ಮಾಡಬೇಕೆಂದು ಕೇಳಿದಾಗ, ಕುದುರೆಗಳಿಗೆ ಹುರುಳಿ ಬೇಯಿಸಲು ಲಾಯಕ್ಕೆ ಕಳಿಸಿ ಎಂದು ಅಪ್ಪಣೆಯಾಯಿತಂತೆ. ವಿಲ್ಕ್ಸ್ ಕಂಪನಿಯ ಅಧಿಕಾರಿ, ಟಿಪ್ಪುವಿನ ಬಗ್ಗೆ ಅವನ ಕಣ್ಣು ಮೃದುವಲ್ಲ. ಆ ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೆ ಚಿಕ್ಕದೇವರಾಜರ ಆಸ್ಥಾನ ಎಂದರೆ ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಹೊನ್ನಮ್ಮರ ಆಸ್ಥಾನ; ಅಲ್ಲಿನ ಒಂದು ಓಲೆ ಒಲೆಗೆ ಹೋಗಿದ್ದರೂ ಅದು ಕನ್ನಡಕ್ಕಾದ ನಷ್ಟ. ಇದೇ ವಿಲ್ಕ್ಸ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಮೈಸೂರು ಅರಸರ ಚರಿತ್ರೆಯ ಎರಡು ಕನ್ನಡ ಪುಸ್ತಕಗಳನ್ನು ಅಸದ್ ಅನ್ವರ್, ಗುಲಾಮ್ ಹುಸೇನ್ ಎಂಬಿಬ್ಬರಿಂದ ಟಿಪ್ಪು ಪಾರಸಿಗೆ ಅನುವಾದ ಮಾಡಿಸಿದ್ದ. ಆ ಪ್ರತಿ ಅರಮನೆಯಲ್ಲಿ ಸಿಕ್ಕಿತು, ವಿಲ್ಕ್ಸ್ ಅದನ್ನು ತನ್ನ ಆಕರವಾಗಿ ಬಳಸಿದ. ಎರಡನ್ನೂ ಟಿಪ್ಪು ಒಬ್ಬನೇ ಮಾಡಿದ. ಒಂದನ್ನು ಹೇಳಿ ಒಂದನ್ನು ಬಿಡುವುದು ಇತಿಹಾಸವಾಗದು.

1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಲೂಟಿಯ ಹಂಚಿಕೆಗೆ ನೇಮಕವಾದವರಲ್ಲಿ ಮೇಜರ್ ಡೇವಿಡ್ ಪ್ರೈಸ್ ಪಾರಸಿ ಬಲ್ಲವನು. ಮುಂದೆ ಇಸ್ಲಾಮಿ ಚರಿತ್ರೆಯ ಮೇಲೆ ದಪ್ಪ ಸಂಪುಟಗಳನ್ನೇ ಬರೆದ. ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಟಿಪ್ಪುವಿನ ಪತ್ರಗಳ ಕಟ್ಟು ಸಿಕ್ಕಿತು, ಜೊತೆಗೆ ಒಂದು ಪುಟ್ಟ ಪುಸ್ತಕ. ಅದರಲ್ಲಿ ಸುಲ್ತಾನ ತನ್ನ ಕೈಯಾರೆ ಬರೆದುಕೊಂಡ 37 ಕನಸುಗಳಿದ್ದವು. ಟಿಪ್ಪುವಿನ ಮುನ್ಷಿ ಹಬೀಬುಲ್ಲಾ ಅದು ಸಿಕ್ಕಾಗ ಅಲ್ಲೇ ಇದ್ದ. ಇಂಥದೊಂದು ಪುಸ್ತಕವಿದೆ ಎಂಬುದು ಅವನಿಗೆ ಗೊತ್ತಿತ್ತು, ಆದರೆ ಟಿಪ್ಪು ಬದುಕಿದ್ದಾಗ ಅದನ್ನು ಅವನು ನೋಡಿರಲಿಲ್ಲ.

ಮಿಕ್ಕ ಪುಸ್ತಕಗಳ ಬಹುಪಾಲು ಕಲಕತ್ತೆಗೆ ಹೋಯಿತು. ಕಂಪನಿಯ ಎಳೆಯ ಅಧಿಕಾರಿಗಳಿಗೆ ಭಾರತದ ಭಾಷೆ ಕಲಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಅದರ ನಿಯಮಾವಳಿಗೆ ಸಹಿ ಬಿದ್ದದ್ದು 1800ರ ಜುಲೈಯಲ್ಲಿ. ತಾರೀಖನ್ನು ಮಾತ್ರ ಹಿಂದಕ್ಕೆ ಸರಿಸಿ ಮೇ 4 ಎಂದು ಹಾಕಿಸಿದ, ಪಟ್ಟಣ ಬಿದ್ದ ದಿನದ ಮೊದಲ ವಾರ್ಷಿಕ. ಹಿಂದಿ, ಉರ್ದು, ಬಂಗಾಳಿ ಗದ್ಯದ ಚರಿತ್ರೆ ಓದುವವರಿಗೆಲ್ಲ ಆ ಕಾಲೇಜಿನ ಹೆಸರು ಗೊತ್ತು. ಅದರ ಗ್ರಂಥಭಂಡಾರದ ತಳಪಾಯ ಕಾವೇರಿ ತೀರದ್ದು ಎಂಬುದು ಅಷ್ಟಾಗಿ ಗೊತ್ತಿಲ್ಲ. 1830ರ ದಶಕದಲ್ಲಿ ಆ ಭಂಡಾರ ಒಡೆದು, ಕೆಲವು ಏಷ್ಯಾಟಿಕ್ ಸೊಸೈಟಿಗೆ, ಕೆಲವು ಲಂಡನ್ನಿನ ಕಂಪನಿ ಗ್ರಂಥಾಲಯಕ್ಕೆ ಹೋದವು. ಅದಕ್ಕೂ ಮೊದಲೇ ಅಂದವಾದ ಕುರ್‌ಆನ್ ಪ್ರತಿಗಳನ್ನು ವಿಂಡ್ಸರ್ ಅರಮನೆಗೆ, ಆಕ್ಸ್‌ಫರ್ಡ್, ಕೇಂಬ್ರಿಜ್, ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯಗಳಿಗೆ ಕಾಣಿಕೆ ಕೊಟ್ಟಿದ್ದರು. ಲಂಡನ್ನಿನ ಪಾಲು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿನ ಪಾರಸಿ ವಿಭಾಗದಲ್ಲಿದ್ದ ಉರ್ಸುಲಾ ಸಿಮ್ಸ್-ವಿಲಿಯಮ್ಸ್ ಮೊಹರು, ರಟ್ಟುಗಳನ್ನು ಒಂದೊಂದಾಗಿ ಹೊಂದಿಸಿ ಯಾವ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಗುರುತಿಸುವ ಕೆಲಸ ಮಾಡಿದ್ದಾರೆ. ಲಾಲ್ ಮಹಲ್ ಕೆಲಕಾಲ ಗಂಧದ ಮರದ ಉಗ್ರಾಣವಾಗಿತ್ತು. ಈಗ ನೆಲದ ಮಟ್ಟದ ಅಡಿಪಾಯವಷ್ಟೇ ಉಳಿದಿದೆ.

ಪಟ್ಟಣದಿಂದ ಪಾಂಡವಪುರ ದಾಟಿ ಮೇಲುಕೋಟೆಗೆ ಹೋದರೆ ಇದಕ್ಕಿಂತ ಬೇರೆಯದೇ ಚಿತ್ರ. ಅಲ್ಲಿನ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಓಲೆಗರಿಗಳು ಊರಲ್ಲೇ ಇವೆ, ಓದುವವರೂ ಇದ್ದಾರೆ. ಚೆಲುವನಾರಾಯಣನ ಗುಡಿಯಲ್ಲಿ ದಿಲ್ಲಿ ಸುಲ್ತಾನನ ಮಗಳೆಂದು ಐತಿಹ್ಯ ಹೇಳುವ ಬೀಬಿ ನಾಚ್ಚಿಯಾರಳಿಗೆ ಸ್ವಾಮಿಯ ಪಾದದ ಬಳಿ ಜಾಗವಿದೆ. ದಾರಿಯ ತೊಣ್ಣೂರಿನಲ್ಲಿ ರಾಮಾನುಜರ ನೆನಪಿನ ಗುಡಿಗಳ ಪಕ್ಕದಲ್ಲೇ ಸೈಯದ್ ಸಾಲಾರ್ ಮಸೂದರ ಹೆಸರಿನ ಗೋರಿಯಿದೆ. ಅಲ್ಲಿನ ಕೆರೆಗೆ ಮೋತಿ ತಲಾಬ್ ಎಂಬ ಇನ್ನೊಂದು ಹೆಸರೂ ಉಂಟು.

ಪಟ್ಟಣದಲ್ಲಿ ಕಲ್ಲಿನ ಮೇಲೆ ಬರೆದದ್ದನ್ನು ಹೊತ್ತೊಯ್ಯಲು ಆಗಲಿಲ್ಲ. ಬೆಂಗಳೂರು ದ್ವಾರದ ಬಳಿಯ ಜುಮ್ಮಾ ಮಸೀದಿಯಲ್ಲಿ ಅಲ್ಲಾಹನ 99 ನಾಮಗಳ ಶಾಸನ ಉಳಿಯಿತು. ಗಂಜಾಂ ದಾಟಿ ಗುಂಬಜ್‌ಗೆ ಹೋದರೆ ಹೈದರನ ಮೇಲಿನ ಪಾರಸಿ ಪದ್ಯವಿದೆ. ಸತ್ತ ವರ್ಷವನ್ನು ನೇರವಾಗಿ ಹೇಳದೆ, ಅಕ್ಷರಗಳನ್ನು ಕೂಡಿದರೆ ವರ್ಷ ಬರುವಂಥ ಮಾತು ಹೆಣೆಯುವುದು ಪಾರಸಿ ಕವಿಗಳ ಹಳೆಯ ಪದ್ಧತಿ. ಇಲ್ಲಿ ಕವಿಗೆ ಬೇರೆ ಮಾತು ಹುಡುಕುವ ಕಷ್ಟವೇ ಬರಲಿಲ್ಲ. ಹಳೆಯ ಅಬ್ಜದ್ ಲೆಕ್ಕದಲ್ಲಿ ಹೈದರ್ 222, ಅಲಿ 110, ಖಾನ್ 651, ಬಹಾದೂರ್ 212. ಕೂಡಿದರೆ 1195. ಆತ ಚಿತ್ತೂರಿನ ಹತ್ತಿರ ಪಾಳೆಯದಲ್ಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು, ಹಿಜರಿ 1196 ಮುಗಿದು 1197 ಶುರುವಾಗುವ ಹೊತ್ತಿಗೆ. ಲೆಕ್ಕಕ್ಕೆ ವರ್ಷವೊಂದು ಕಡಿಮೆ ಬಿತ್ತು. ಹೆಸರೇ ಕಾಲವಾಗಿ ನಿಂತ ಚೆಲುವಿಗೆ ಕವಿ ಅಷ್ಟನ್ನು ಬಿಟ್ಟುಕೊಟ್ಟಿರಬೇಕು.

ಎಲ್ಲಕ್ಕಿಂತ ಹೆಚ್ಚು ಓದಿಸಿಕೊಳ್ಳುವ ಕಲ್ಲು ಕನ್ನಂಬಾಡಿಯದು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ನಡೆಯುವಾಗ ಅದು ಸಿಕ್ಕಿತು. ಈಗ ಅಣೆಕಟ್ಟೆಯ ದ್ವಾರದ ಬಳಿ ಇಟ್ಟಿದ್ದಾರೆ. ಬೃಂದಾವನಕ್ಕೆ ಹೋಗುವ ಸಾವಿರಾರು ಜನ ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಮುಹ್ಯಿ ಎಂಬ ಅಣೆಕಟ್ಟೆಗೆ ಟಿಪ್ಪು ಅಡಿಗಲ್ಲು ಹಾಕಿದ ಸಂಗತಿ ಅದರಲ್ಲಿದೆ. ಪಟ್ಟಣದ ವಿದ್ಯೆಯೆಲ್ಲ ಈ ಒಂದು ಕಲ್ಲಿನಲ್ಲಿ ಕೂಡಿದೆ. ಮುಹೂರ್ತ ಸೋಮವಾರ, ಸೂರ್ಯ ಹುಟ್ಟುವ ಮೊದಲು, ಶುಕ್ರನ ಶುಭದೃಷ್ಟಿಯಲ್ಲಿ, ವೃಷಭದಲ್ಲಿ, ಅದು ಖಗೋಳ. ತಾರೀಖು ಶಾದಾಬ್ ಸಂವತ್ಸರದ ತಕಿ ತಿಂಗಳು 29. ಅದು ಮೌಲೂದಿ ಪಂಚಾಂಗ. ಪ್ರಕಟಿತ ಅನುವಾದಗಳಲ್ಲಿ ಮೌಲೂದಿ 1221 ಎಂದು ಇರುವುದರಿಂದ ಇದನ್ನು 1794ರದೆನ್ನುವುದು ವಾಡಿಕೆ. ಆದರೆ ಶಾದಾಬ್ ಎಂಬ ಹೆಸರಿನ ಅಕ್ಷರಗಳನ್ನು ಕೂಡಿ ನೋಡಿದರೆ ನಲವತ್ತು, ಒಂದು, ಎಂಟು, ಒಂದು, ಎರಡು, ಒಟ್ಟು 52 ಬರುತ್ತದೆ. ಐವತ್ತೆರಡನೆಯ ಸಂವತ್ಸರ ಕಾಳಯುಕ್ತಿ, ಅಂದರೆ 1798. ಹೆಸರಿನ ಲೆಕ್ಕ ಹಿಡಿದರೆ ಪಟ್ಟಣ ಬೀಳುವುದಕ್ಕೆ ಒಂದು ವರ್ಷದ ಹಿಂದಿನ ಜ್ಯೇಷ್ಠ ಮಾಸಕ್ಕೆ ಬಂದು ನಿಲ್ಲುತ್ತೇವೆ.

ಆಮೇಲೆ ಬರುವುದು ಕಾನೂನು. ಬರಡು ನೆಲವನ್ನು ಸಾಗುವಳಿಗೆ ತಂದವನಿಗೆ ಆ ನೆಲದ ಮೇಲೆ ಹಕ್ಕುಂಟು ಎಂಬುದು ಇಸ್ಲಾಮಿ ನ್ಯಾಯಶಾಸ್ತ್ರದ ಬಹು ಹಳೆಯ ನಿಯಮ. ಅರಮನೆಯ 95 ನ್ಯಾಯಗ್ರಂಥಗಳಲ್ಲಿ ಅದರ ಚರ್ಚೆ ಬಾರದ ದೊಡ್ಡ ಗ್ರಂಥ ಇರಲಾರದು. ಕಲ್ಲಿನಲ್ಲಿ ಅದು ಕಾವೇರಿ ಬಯಲಿನ ರೈತನಿಗೆ ಹೇಳಿದ ಮಾತಾಗಿದೆ. ಸರ್ಕಾರ ಲಕ್ಷಾಂತರ ಹಣ ಹಾಕಿ ಕಟ್ಟುವ ಈ ಅಣೆಯ ನೀರಿನಿಂದ ಹೊಸದಾಗಿ ಯಾರು ಭೂಮಿ ಮಾಡುತ್ತಾರೋ ಅವರು ಮಿಕ್ಕ ರೈತರು ಕೊಡುವುದರಲ್ಲಿ ಮುಕ್ಕಾಲು ಪಾಲು ಕೊಟ್ಟರೆ ಸಾಕು, ಕಾಲು ಪಾಲು ದೇವರ ಹೆಸರಿನಲ್ಲಿ ಮಾಫಿ. ಆ ಭೂಮಿ ಅವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಭೂಮಿ ಆಕಾಶ ಇರುವ ತನಕ ಇರಬೇಕು. ಅದಕ್ಕೆ ಅಡ್ಡಿ ಮಾಡಿದವನು ಮನುಷ್ಯಕುಲಕ್ಕೇ ಶತ್ರು. ನಮ್ಮ ಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಕಂಡವರಿಗೆ ಈ ಕೊನೆಯ ಮಾತಿನ ಧಾಟಿ ಹೊಸದೆನಿಸದು.

ಟಿಪ್ಪುವಿನ ಕಾಲದಲ್ಲಿ ಆ ಅಣೆ ಏಳಲಿಲ್ಲ. ಕೃಷ್ಣರಾಜಸಾಗರ ಎದ್ದಾಗ ಹಿನ್ನೀರು ಕೃಷ್ಣರಾಜಪೇಟೆ, ಪಾಂಡವಪುರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳನ್ನು ನುಂಗಿತು, ಹಳೆಯ ಕನ್ನಂಬಾಡಿಯೂ ಮುಳುಗಿತು. ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಒಣಭೂಮಿಗೆ ಹರಿಯಿತು. ಅಲ್ಲಿ ಹೊಸದಾಗಿ ಗದ್ದೆ ಮಾಡಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಕಬ್ಬು, ಭತ್ತ ಬೆಳೆಯುತ್ತಿದ್ದಾರೆ.